ಟಿಕೆಟ್ ಸರ್ಕಾರದ್ದು, ಸಾಲ ನಿಮ್ಮದು: ಬ್ರಿಟಿಷ್ ಸಾಮ್ರಾಜ್ಯದ ವಲಸೆ ಯೋಜನೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಎರಡು ಮಹಾಯುದ್ಧಗಳ ನಡುವೆ ಬ್ರಿಟನ್ ಸರ್ಕಾರ ತನ್ನ ಜನರಿಗೇ ಹಡಗಿನ ಖರ್ಚು ಕೊಟ್ಟು ಆಸ್ಟ್ರೇಲಿಯಾಕ್ಕೋ ಕೆನಡಾಕ್ಕೋ ಕಳಿಸಿತು ಅಂತ ಹೇಳಿದರೆ ಸಾಕು, ಎದುರಿಗಿದ್ದವರು ಮೊದಲು ನಂಬುವುದಿಲ್ಲ, ಆಮೇಲೆ ಪ್ರಶ್ನೆ ಮೇಲೆ ಪ್ರಶ್ನೆ ಕೇಳುತ್ತಾರೆ. ಮಾತಿನ ನಡುವೆ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಕೊನೆಗೆ. ನಿಮಗೆ ಬೇಕಾದಲ್ಲಿಗೆ ನೇರ ಹೋಗಬಹುದು.

## ಏನೂ ಗೊತ್ತಿಲ್ಲದವರಿಗೆ

ಇದೇನು ಕಥೆ? ಸರ್ಕಾರವೇ ದುಡ್ಡು ಕೊಟ್ಟು ಜನರನ್ನು ದೇಶ ಬಿಡಿಸಿತಾ?

ಹೌದು. ಮೊದಲ ಮಹಾಯುದ್ಧ ಮುಗಿದ ಕೂಡಲೇ, 1919ರಲ್ಲಿ, ಯುದ್ಧದಿಂದ ವಾಪಸ್ ಬಂದ ಸೈನಿಕರಿಗೂ ಅವರ ಮನೆಯವರಿಗೂ ಉಚಿತ ಹಡಗು ಪ್ರಯಾಣ ಕೊಡುವ ಯೋಜನೆ ಶುರುವಾಯಿತು. 1922ರ ಹೊತ್ತಿಗೆ ಸುಮಾರು 86,000 ಜನ ಹಾಗೆ ಹೋದರು. ಅದೇ ವರ್ಷ ಮೇ ತಿಂಗಳಲ್ಲಿ ಎಂಪೈರ್ ಸೆಟಲ್‌ಮೆಂಟ್ ಆಕ್ಟ್ ಅನ್ನೋ ಕಾಯ್ದೆ ಬಂತು. ಈ ಪುಟದ ಮುಖ್ಯ ವಿಷಯ ಅದೇ. ಮೊದಲ ವರ್ಷ 15 ಲಕ್ಷ ಪೌಂಡ್, ಆಮೇಲೆ ವರ್ಷಕ್ಕೆ 30 ಲಕ್ಷ ಪೌಂಡ್‌ವರೆಗೆ, 15 ವರ್ಷ ಖರ್ಚು ಮಾಡಲು ಆ ಕಾಯ್ದೆ ಅನುಮತಿ ಕೊಟ್ಟಿತು. ಒಂದು ಷರತ್ತು ಇತ್ತು. ಬ್ರಿಟನ್ ಅರ್ಧಕ್ಕಿಂತ ಜಾಸ್ತಿ ಹಾಕುವಂತಿಲ್ಲ. ಉಳಿದದ್ದನ್ನು ಜನರನ್ನು ಕರೆಸಿಕೊಳ್ಳುವ ದೇಶವೋ, ಯಾವುದಾದರೂ ಸಂಸ್ಥೆಯೋ ಹಾಕಬೇಕು.

ಇದರ ಹಿಂದೆ ಪಟ್ಟು ಹಿಡಿದು ಓಡಾಡಿದವರು ಲಿಯೋ ಆಮೆರಿ ಎಂಬ ರಾಜಕಾರಣಿ. ಹುಟ್ಟಿದ್ದು ನಮ್ಮ ಗೋರಖ್‌ಪುರದಲ್ಲಿ. ಕ್ವಿಟ್ ಇಂಡಿಯಾ ಕಾಲದಲ್ಲಿ ಲಂಡನ್ನಿನಲ್ಲಿ ಭಾರತ ಮಂತ್ರಿಯಾಗಿದ್ದ ಆಮೆರಿ ಇವರೇ.

ತಮ್ಮ ಜನ ತಮ್ಮಲ್ಲೇ ಇರಲಿ ಅಂತ ಯಾರಿಗೂ ಅನ್ನಿಸಲಿಲ್ವಾ?

ಅನ್ನಿಸಿತ್ತು. ಆದರೆ 1921ರಲ್ಲಿ ಬ್ರಿಟನ್ನಿನಲ್ಲಿ ಕೆಲಸವಿಲ್ಲದವರು 20 ಲಕ್ಷ ದಾಟಿದ್ದರು. ಯುದ್ಧಕ್ಕೆ ಹೋಗಿ ಬಂದವರೇ ಕೆಲಸಕ್ಕಾಗಿ ಸರದಿಯಲ್ಲಿ ನಿಂತಿದ್ದರು. ರಷ್ಯಾದಲ್ಲಿ ಆಗಷ್ಟೇ ಕ್ರಾಂತಿ ಆಗಿತ್ತು, ಆ ಭಯ ಬೇರೆ.

ಆಮೆರಿಯಂಥವರ ಲೆಕ್ಕ ಇನ್ನೂ ದೊಡ್ಡದು. ಸಾಮ್ರಾಜ್ಯ ಒಂದೇ ಮನೆ. ಒಂದು ಕೋಣೆಯಲ್ಲಿ ಜನ ಕಿಕ್ಕಿರಿದಿದ್ದಾರೆ, ಇನ್ನೊಂದು ಖಾಲಿ ಬಿದ್ದಿದೆ. ಇಲ್ಲಿಂದ ಅಲ್ಲಿಗೆ ಕಳಿಸಿದರೆ ಅವರು ಅಲ್ಲಿ ಗೋಧಿ, ಬೆಣ್ಣೆ, ಉಣ್ಣೆ ಬೆಳೆದು ಕಳಿಸುತ್ತಾರೆ, ಇಲ್ಲಿನ ಕಾರ್ಖಾನೆಯ ಸಾಮಾನು ಕೊಳ್ಳುತ್ತಾರೆ. ಆಸ್ಟ್ರೇಲಿಯಾದ ಪ್ರಧಾನಿ ಸ್ಟ್ಯಾನ್ಲಿ ಬ್ರೂಸ್ 1923ರಲ್ಲಿ ಇದನ್ನೇ ಮೂರು ಮಾತಲ್ಲಿ ಹೇಳಿದರು: ಜನ, ಹಣ, ಮಾರುಕಟ್ಟೆ.

ಕಾಗದದ ಮೇಲೆ ಚೆನ್ನಾಗಿಯೇ ಇದೆ. ತಪ್ಪು ಎಲ್ಲಿತ್ತು ಅಂದರೆ, ಬ್ರಿಟನ್ನಿನಲ್ಲಿ ಜಾಸ್ತಿಯಾಗಿದ್ದದ್ದು ಗಣಿ ಕೆಲಸದವರು, ಹಡಗು ಕಟ್ಟುವವರು, ಗಿರಣಿಯವರು. ಅಲ್ಲಿ ಬೇಕಾಗಿದ್ದದ್ದು ಹಸು ಕರೆಯುವವರು.

ಟಿಕೆಟ್ ಪೂರ್ತಿ ಫ್ರೀನಾ?

ಎಲ್ಲರಿಗೂ ಅಲ್ಲ. ಮಾಜಿ ಸೈನಿಕರಿಗೆ ಮೊದಲು ಪೂರ್ತಿ ಉಚಿತವಿತ್ತು. 1922ರ ನಂತರ ಯಾವ ದೇಶ, ಯಾವ ಕೆಲಸ, ವಯಸ್ಸೆಷ್ಟು ಎಂಬುದರ ಮೇಲೆ ಬದಲಾಗುತ್ತಿತ್ತು. ಮನೆಗೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿಗೆ, ಹುಡುಗರಿಗೆ ಹೆಚ್ಚು ರಿಯಾಯಿತಿ. ಬೇರೆಯವರಿಗೆ ಸ್ವಲ್ಪ ಸಹಾಯಧನ, ಸ್ವಲ್ಪ ಸಾಲ. ಸಾಲವನ್ನು ಅಲ್ಲಿ ದುಡಿದು ತೀರಿಸಬೇಕು. ಜಮೀನು ತೆಗೆದುಕೊಂಡವರ ಸಾಲ ಇನ್ನೂ ದೊಡ್ಡದು: ಮನೆ, ಹಸು, ನೇಗಿಲು, ಬೇಲಿ ಎಲ್ಲ ಅವರ ಲೆಕ್ಕಕ್ಕೇ. ಈ ಪುಟದ ತಲೆಬರಹ ಅಲ್ಲಿಂದಲೇ ಬಂದದ್ದು.

ಒಟ್ಟು ಎಷ್ಟು ಜನ ಹೋದರು?

1922ರಿಂದ 1936ರವರೆಗೆ ಈ ಕಾಯ್ದೆಯಡಿ ಹೋದವರು ಸುಮಾರು 4 ಲಕ್ಷ. ಹೆಚ್ಚು ಜನ ಕೆನಡಾಕ್ಕೆ, ಅದಕ್ಕೆ ಸ್ವಲ್ಪ ಕಡಿಮೆ ಆಸ್ಟ್ರೇಲಿಯಾಕ್ಕೆ. ನ್ಯೂಜಿಲೆಂಡಿಗೆ 45,000ದ ಹತ್ತಿರ. ದಕ್ಷಿಣ ಆಫ್ರಿಕಾಕ್ಕೆ ಲೆಕ್ಕಕ್ಕೆ ಸಿಗದಷ್ಟು ಕಡಿಮೆ, ಯಾಕಂದರೆ ಅಲ್ಲಿ ಕೂಲಿ ಕೆಲಸಕ್ಕೆ ಕಡಿಮೆ ಸಂಬಳಕ್ಕೆ ಕರಿಯರನ್ನು ದುಡಿಸಿಕೊಳ್ಳುತ್ತಿದ್ದರು, ಬಡ ಬಿಳಿಯರು ಅವರಿಗೆ ಬೇಕಿರಲಿಲ್ಲ. ಆ ವರ್ಷಗಳಲ್ಲಿ ಬ್ರಿಟನ್ನಿನಿಂದ ಸಾಮ್ರಾಜ್ಯದ ಇತರ ಭಾಗಗಳಿಗೆ ಹೋದವರಲ್ಲಿ ಸುಮಾರು ಮೂರನೇ ಒಂದು ಭಾಗ ಇವರು. ಉಳಿದವರು ತಮ್ಮ ದುಡ್ಡಲ್ಲೇ ಹೋದವರು. ಸುಮಾರು ಜನ ಇದನ್ನು ಮರೆಯುತ್ತಾರೆ.

## ಹೋದವರು ಯಾರು?

ಯಾರು ಬೇಕಾದರೂ ಅರ್ಜಿ ಹಾಕಬಹುದಿತ್ತಾ?

ಹಾಕಬಹುದಿತ್ತು, ಆದರೆ ಸಿಗುತ್ತಿರಲಿಲ್ಲ. ಕೆನಡಾ, ಆಸ್ಟ್ರೇಲಿಯಾ ಎರಡೂ ಹೇಳಿದ್ದು ಒಂದೇ ಮಾತು: ಹೊಲದ ಕೆಲಸಕ್ಕೆ ಗಂಡಸರನ್ನು ಕಳಿಸಿ, ಮನೆಗೆಲಸಕ್ಕೆ ಹೆಂಗಸರನ್ನು ಕಳಿಸಿ. ಪಟ್ಟಣದ ಕಾರ್ಮಿಕ ಬಂದರೆ ಅಲ್ಲಿನ ಕಾರ್ಮಿಕ ಸಂಘಗಳು ಗಲಾಟೆ ಮಾಡುತ್ತಿದ್ದವು. ತಮ್ಮ ಕೂಲಿ ಇಳಿಸಲು ಬಂದವರು ಅಂತ ಅವರ ಸಿಟ್ಟು. ವೈದ್ಯರ ತಪಾಸಣೆಯಲ್ಲೇ ಬಹಳ ಜನ ಬಿದ್ದುಹೋಗುತ್ತಿದ್ದರು.

ಹಾಗಾಗಿ ಬ್ರಿಟನ್ ಒಂದು ಉಪಾಯ ಮಾಡಿತು. 1925ರಲ್ಲಿ ಕ್ಲೇಡನ್ ಮತ್ತು ಬ್ರಾಂಡನ್ ಎಂಬ ಹಳ್ಳಿಗಾಡಿನ ಊರುಗಳಲ್ಲಿ ತರಬೇತಿ ಕೇಂದ್ರ ತೆರೆದು, ಕೆಲಸವಿಲ್ಲದ ಪಟ್ಟಣದ ಹುಡುಗರಿಗೆ ಉಳುವುದು, ಹಾಲು ಕರೆಯುವುದು, ಮರ ಕಡಿಯುವುದು ಕಲಿಸಿತು. ಕೆಲವೇ ತಿಂಗಳ ಪಾಠ. ಇಷ್ಟರಲ್ಲಿ ರೈತ ತಯಾರಾಗುತ್ತಾನೆ ಅಂತ ಯಾವ ರೈತನೂ ಒಪ್ಪುವುದಿಲ್ಲ, ಆದರೆ ಆ ಕಡತ ಬರೆದವರು ರೈತರಲ್ಲವಲ್ಲ.

ಹೆಂಗಸರು ಒಬ್ಬರೇ ಹೋಗ್ತಿದ್ರಾ?

ಹೋಗುತ್ತಿದ್ದರು, ಸಾವಿರಗಟ್ಟಲೆ. 1921ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಗಂಡಸರಿಗಿಂತ ಹೆಂಗಸರು 17 ಲಕ್ಷದಷ್ಟು ಹೆಚ್ಚಿದ್ದರು. ಪತ್ರಿಕೆಗಳು ಅವರನ್ನು 'ಹೆಚ್ಚುವರಿ ಹೆಂಗಸರು' ಅಂತಲೇ ಕರೆದವು, ಮಾರಾಟವಾಗದೆ ಉಳಿದ ಸರಕಿನ ಹಾಗೆ. ಅವರನ್ನು ಕಳಿಸಲೆಂದೇ ಯುದ್ಧದ ನಂತರ ಒಂದು ಸಂಸ್ಥೆ ಹುಟ್ಟಿತು, ಅದಕ್ಕೆ ಸರ್ಕಾರದ ಅನುದಾನವೂ ಸಿಕ್ಕಿತು. ಹಡಗಿನಲ್ಲಿ ಹುಡುಗಿಯರ ಮೇಲೆ ಕಣ್ಣಿಡಲು ಮೇಟ್ರನ್, ಇಳಿದ ಬಂದರಿನಲ್ಲಿ ಹಾಸ್ಟೆಲ್, ಅಲ್ಲಿಂದ ಯಾರದೋ ಮನೆಗೆ.

ತಮಾಷೆ ಏನಂದರೆ, ಯುದ್ಧದ ಕಾಲದಲ್ಲಿ ಕಾರ್ಖಾನೆ, ಆಫೀಸು ಎಲ್ಲ ನಡೆಸಿದ ಈ ಹೆಣ್ಣುಮಕ್ಕಳು ಊರಲ್ಲಿ ಮನೆಗೆಲಸ ಒಲ್ಲೆ ಎನ್ನುತ್ತಿದ್ದರು. ಹಡಗು ಹತ್ತಲು ಅದೇ ಕೆಲಸ ಒಪ್ಪಿಕೊಳ್ಳಬೇಕಿತ್ತು. ಹೋದ ಮೇಲೆ ಬಹಳ ಜನ ಆದಷ್ಟು ಬೇಗ ಅದನ್ನು ಬಿಟ್ಟು ಅಂಗಡಿಗೋ ಆಫೀಸಿಗೋ ಸೇರಿಕೊಂಡರು, ಇಲ್ಲವೇ ಮದುವೆಯಾದರು. ಜಾಣೆಯರು.

ಮಕ್ಕಳನ್ನೂ ಕಳಿಸಿದ್ದು ನಿಜವಾ? ತಂದೆ ತಾಯಿ ಇಲ್ಲದೆ?

ನಿಜ. ಇದು ಈ ಯೋಜನೆಗಳಿಗಿಂತ ಹಳೆಯ ಪದ್ಧತಿ. ಹತ್ತೊಂಬತ್ತನೇ ಶತಮಾನದಿಂದಲೇ ಧರ್ಮಸಂಸ್ಥೆಗಳು ಬಡ ಮಕ್ಕಳನ್ನು ಕೆನಡಾದ ಹೊಲಮನೆಗಳಿಗೆ ಕಳಿಸುತ್ತಿದ್ದವು. 1922ರ ನಂತರ ಅದಕ್ಕೆ ಸರ್ಕಾರದ ದುಡ್ಡೂ ಸೇರಿತು. ಮಕ್ಕಳಲ್ಲಿ ಬಹಳಷ್ಟು ಜನ ಅನಾಥರೇ ಅಲ್ಲ, ಅಪ್ಪನೋ ಅಮ್ಮನೋ ಬದುಕಿದ್ದರು. ಬಡತನಕ್ಕೆ ಮಕ್ಕಳನ್ನು ಆಶ್ರಮಕ್ಕೆ ಬಿಟ್ಟಿದ್ದರು, ಅಷ್ಟೇ.

1924ರಲ್ಲಿ ಬ್ರಿಟನ್ನಿನ ರಾಜಕಾರಣಿ ಮಾರ್ಗರೆಟ್ ಬಾಂಡ್‌ಫೀಲ್ಡ್ ನೇತೃತ್ವದ ತಂಡ ಕೆನಡಾಕ್ಕೆ ಹೋಗಿ ನೋಡಿತು. ಮಕ್ಕಳನ್ನು ಕರೆಸಿಕೊಳ್ಳುತ್ತಿದ್ದದ್ದು ಸಾಕಲು ಅಲ್ಲ, ದುಡಿಸಿಕೊಳ್ಳಲು ಎಂಬುದು ಅವರಿಗೆ ಸ್ಪಷ್ಟವಾಯಿತು. ಮರುವರ್ಷವೇ ಕೆನಡಾ 14 ವರ್ಷದ ಒಳಗಿನ ಮಕ್ಕಳು ಒಂಟಿಯಾಗಿ ಬರುವುದನ್ನು ನಿಲ್ಲಿಸಿತು. ಆಸ್ಟ್ರೇಲಿಯಾ ನಿಲ್ಲಿಸಲಿಲ್ಲ. ಪರ್ತ್ ಹತ್ತಿರದ ಪಿಂಜಾರದಲ್ಲಿ ಕಿಂಗ್ಸ್‌ಲಿ ಫೇರ್‌ಬ್ರಿಡ್ಜ್ 1912ರಲ್ಲಿ ತೆರೆದ ಹೊಲಶಾಲೆ ಅವರು 1924ರಲ್ಲಿ ತೀರಿಕೊಂಡ ಮೇಲೂ ಬೆಳೆಯಿತು. ಗಂಡುಮಕ್ಕಳಿಗೆ ಬೇಸಾಯ, ಹೆಣ್ಣುಮಕ್ಕಳಿಗೆ ಮನೆಗೆಲಸ. ಎರಡನೇ ಮಹಾಯುದ್ಧದ ನಂತರವೂ ಮಕ್ಕಳ ರವಾನೆ ನಡೆಯಿತು. ಕೊನೆಗೆ 2009ರ ನವೆಂಬರ್‌ನಲ್ಲಿ ಆಸ್ಟ್ರೇಲಿಯಾದ ಪ್ರಧಾನಿ ಕೆವಿನ್ ರಡ್, 2010ರ ಫೆಬ್ರವರಿಯಲ್ಲಿ ಬ್ರಿಟನ್ ಪ್ರಧಾನಿ ಗಾರ್ಡನ್ ಬ್ರೌನ್ ಕ್ಷಮೆ ಕೇಳಿದರು. ಆ ಹೊತ್ತಿಗೆ ಕ್ಷಮೆ ಕೇಳಿಸಿಕೊಳ್ಳಬೇಕಾದವರಲ್ಲಿ ಎಷ್ಟೋ ಜನ ಇರಲಿಲ್ಲ.

ಸ್ಕಾಟ್ಲೆಂಡಿನ ಒಂದು ದ್ವೀಪದಿಂದ ಒಂದೇ ಹಡಗಿನಲ್ಲಿ ಯುವಕರೆಲ್ಲ ಹೊರಟುಹೋದರಂತೆ?

'ಎಲ್ಲ' ಅನ್ನುವುದು ಉತ್ಪ್ರೇಕ್ಷೆ, ಆದರೆ ಕಥೆ ನಿಜ. ಲೂಯಿಸ್ ದ್ವೀಪದ ಸ್ಟಾರ್ನವೇ ಬಂದರಿನಿಂದ 1923ರ ಏಪ್ರಿಲ್ 21ರಂದು ಮೆಟಗಾಮಾ ಎಂಬ ಹಡಗು ಸುಮಾರು 300 ಜನರನ್ನು ಹೊತ್ತು ಕೆನಡಾಕ್ಕೆ ಹೊರಟಿತು. ಬಹುತೇಕ ಇಪ್ಪತ್ತರ ಆಸುಪಾಸಿನ ಗಂಡುಹುಡುಗರು. ದ್ವೀಪದ ಮಂದಿಯೆಲ್ಲ ದಡಕ್ಕೆ ಬಂದಿದ್ದರು.

ದಡದಲ್ಲಿದ್ದವರ ಕಣ್ಣೀರು ಅರ್ಥವಾಗಬೇಕಾದರೆ ನಾಲ್ಕು ವರ್ಷ ಹಿಂದೆ ಹೋಗಬೇಕು. 1919ರ ಹೊಸವರ್ಷದ ನಸುಕಿನಲ್ಲಿ, ಯುದ್ಧ ಮುಗಿಸಿ ಮನೆಗೆ ಬರುತ್ತಿದ್ದ ನಾವಿಕರನ್ನು ಹೊತ್ತ ಅಯೊಲೇರ್ ಹಡಗು ಇದೇ ಬಂದರಿನ ಬಾಯಲ್ಲಿ ಬಂಡೆಗೆ ಬಡಿದು 201 ಜನ ಸತ್ತಿದ್ದರು. ಮನೆಯ ದೀಪ ಕಾಣುವಷ್ಟು ಹತ್ತಿರದಲ್ಲಿ. ಅಂಥ ಊರಿನಿಂದ ಉಳಿದ ಹುಡುಗರೂ ಹೊರಟರೆ ಹೇಗಿರುತ್ತದೆ? ಇವರೆಲ್ಲ ಹೊಲದ ಕೆಲಸಕ್ಕೆಂದು ಹೋದವರು, ಆದರೆ ಕಡಲ ತಡಿಯಲ್ಲಿ ಮೀನು ಹಿಡಿದು ಬೆಳೆದವರು. ಕೆಲವರು ಸ್ವಲ್ಪ ದಿನದಲ್ಲೇ ಗಡಿ ದಾಟಿ ಡೆಟ್ರಾಯಿಟ್‌ನ ಕಾರ್ಖಾನೆಗಳಿಗೆ ಸೇರಿಕೊಂಡರು. ಸಾಮ್ರಾಜ್ಯ ಕೊಟ್ಟ ಟಿಕೆಟ್ಟಿನಲ್ಲಿ ಅಮೆರಿಕ!

## ಮಣ್ಣು, ಮರ, ಹಸು

ಗ್ರೂಪ್ ಸೆಟಲ್‌ಮೆಂಟ್ ಅಂದರೆ ಏನು? ಎಲ್ಲರೂ ಅದನ್ನೇ ಯಾಕೆ ಹೇಳ್ತಾರೆ?

ಯಾಕಂದರೆ ಇಡೀ ಕಥೆಯ ಒಳ್ಳೆಯದೂ ಕೆಟ್ಟದೂ ಅಲ್ಲಿ ಒಟ್ಟಿಗೆ ಸಿಗುತ್ತದೆ. ಪಶ್ಚಿಮ ಆಸ್ಟ್ರೇಲಿಯಾ ಕರ್ನಾಟಕದ 13 ಪಟ್ಟು ದೊಡ್ಡ ರಾಜ್ಯ. 1921ರಲ್ಲಿ ಅಲ್ಲಿದ್ದ ಜನ ಸುಮಾರು 3.3 ಲಕ್ಷ. ತಿನ್ನುವ ಬೆಣ್ಣೆಯೂ ಪೂರ್ವದ ರಾಜ್ಯಗಳಿಂದ ಬರಬೇಕಿತ್ತು. ಅಲ್ಲಿನ ಪ್ರೀಮಿಯರ್ (ನಮ್ಮ ಮುಖ್ಯಮಂತ್ರಿಯ ಹಾಗೆ) ಜೇಮ್ಸ್ ಮಿಚೆಲ್‌ಗೆ ಹೈನುಗಾರಿಕೆಯ ಹುಚ್ಚು. ಎಷ್ಟೆಂದರೆ ಜನ ಅವರಿಗೆ 'ಮೂ-ಕೌ ಮಿಚೆಲ್' ಅಂತ ಅಡ್ಡಹೆಸರಿಟ್ಟಿದ್ದರು. ನಮ್ಮಲ್ಲಾದರೆ 'ಅಂಬಾ ಮಿಚೆಲ್' ಅನ್ನುತ್ತಿದ್ದರೇನೋ.

ರಾಜ್ಯದ ನೈಋತ್ಯ ಮೂಲೆಯಲ್ಲಿ ಮಳೆ ಚೆನ್ನಾಗಿದೆ, ಕಾಡು ದಟ್ಟವಾಗಿದೆ. ಕಾಡು ಕಡಿದು ಹುಲ್ಲುಗಾವಲು ಮಾಡಿ, ಇಂಗ್ಲೆಂಡಿನ ಕುಟುಂಬಗಳನ್ನು ಕೂರಿಸಿದರೆ ಬೆಣ್ಣೆಯೂ ಆಯಿತು, ಜನವೂ ಆಯಿತು ಅಂತ ಅವರ ಲೆಕ್ಕ. 1921ರಲ್ಲಿ ಶುರು, 1923ರಲ್ಲಿ ಲಂಡನ್ ಜೊತೆ ಒಪ್ಪಂದ. ಗುರಿ 75,000 ಜನ, 6,000 ಹೊಲಗಳು.

ನಡೆಯುತ್ತಿದ್ದದ್ದು ಹೀಗೆ. ಇಪ್ಪತ್ತರ ಆಸುಪಾಸು ಕುಟುಂಬಗಳನ್ನು ಸೇರಿಸಿ ಒಂದು ಗುಂಪು. ಗುಂಪಿಗೆ ಹೆಸರಿಲ್ಲ, ನಂಬರ್. ಅದಕ್ಕೊಬ್ಬ ಅನುಭವಸ್ಥ ಮೇಸ್ತ್ರಿ. ಮೊದಲು ಎಲ್ಲರೂ ಸೇರಿ ಪ್ರತಿ ಜಮೀನಿನಲ್ಲೂ ಸ್ವಲ್ಪ ಸ್ವಲ್ಪ ಕಾಡು ತೆಗೆಯಬೇಕು, ಆಮೇಲೆ ಚೀಟಿ ಎತ್ತಿ ಯಾರಿಗೆ ಯಾವ ಜಮೀನು ಅಂತ ತೀರ್ಮಾನ. ನನಗೆ ಯಾವುದು ಬರುತ್ತದೋ ಗೊತ್ತಿಲ್ಲವಾದ್ದರಿಂದ ಎಲ್ಲ ಕಡೆಯೂ ಒಂದೇ ಶ್ರದ್ಧೆಯಿಂದ ದುಡಿಯುತ್ತೇನೆ ಅನ್ನುವುದು ಯೋಚನೆ. ಒಳ್ಳೆಯ ಯೋಚನೆಯೇ. ಅಲ್ಲಿವರೆಗೆ ದಿನಕ್ಕೆ 10 ಶಿಲ್ಲಿಂಗ್ ಭತ್ಯೆ. ಕಾಡು ಸವರಿದ ಖರ್ಚು ಹೊಲದ ಮೇಲಿನ ಸಾಲವಾಗಿ ನಿಲ್ಲುತ್ತಿತ್ತು. ಮೊದಲ ದಿನಗಳಲ್ಲಿ ವಾಸ ತಗಡಿನ ಗುಡಿಸಲಿನಲ್ಲಿ: ಮೇಲೆ ತಗಡು, ಸುತ್ತ ತಗಡು, ಕೆಳಗೆ ಮಣ್ಣಿನ ನೆಲ.

ಕಾಡು ಅಂದೆನಲ್ಲ, ಅದು ಕುರುಚಲು ಕಾಡಲ್ಲ. ಕ್ಯಾರಿ ಅನ್ನುವ ಮರ 70 ಮೀಟರ್ ದಾಟಿ ಬೆಳೆಯುತ್ತದೆ. ಅದನ್ನು ಉರುಳಿಸಲಾಗದೆ ಬುಡದ ತೊಗಟೆಯನ್ನು ಸುತ್ತ ಕೆತ್ತಿ ನಿಂತಲ್ಲೇ ಒಣಗಿಸುತ್ತಿದ್ದರು. ಬೊಡ್ಡೆ ಕೀಳುವುದು ಎಂಥ ಕೆಲಸ ಅಂತ ಮಲೆನಾಡಿನ ಹಿರಿಯರಿಗೆ ನಾನು ಹೇಳಬೇಕಿಲ್ಲ. ಲಂಡನ್ನಿನ ಬಸ್ ಕಂಡಕ್ಟರಿಗೆ ಯಾರಾದರೂ ಹೇಳಬೇಕಿತ್ತು. 1924ರ ಹೊತ್ತಿಗೇ ಬ್ರಿಟನ್ನಿನಿಂದ ಬಂದ ಕುಟುಂಬಗಳಲ್ಲಿ ಸುಮಾರು ಮೂರನೇ ಒಂದು ಭಾಗ ಬಿಟ್ಟುಹೋಗಿತ್ತು. ಅಲ್ಲಿನವರೇ ಸೇರಿಕೊಂಡಿದ್ದ ಕುಟುಂಬಗಳಲ್ಲಿ ಇನ್ನೂ ಜಾಸ್ತಿ. ಅಂದರೆ 'ಇಂಗ್ಲೆಂಡಿನವರು ಸೋಮಾರಿಗಳು' ಅನ್ನುವ ಅಂದಿನ ಮಾತು ಸುಳ್ಳು.

ಅಷ್ಟು ಮಳೆ, ಅಷ್ಟು ಹುಲ್ಲು ಇದ್ದರೂ ಹಸುಗಳು ಯಾಕೆ ಬಡಕಲಾದವು?

ನನಗೆ ಬಹಳ ಇಷ್ಟವಾದ ಪ್ರಶ್ನೆ. ಡೆನ್ಮಾರ್ಕ್ ಎಂಬ ಊರಿನ ಸುತ್ತ (ಯುರೋಪಿನ ದೇಶವಲ್ಲ, ಅಲ್ಲೇ ದಕ್ಷಿಣ ಕರಾವಳಿಯ ಒಂದು ಊರು) ಹಸುಗಳು ಮೊಣಕಾಲೆತ್ತರದ ಹಸಿರು ಹುಲ್ಲಿನ ನಡುವೆ ನಿಂತು ದಿನದಿನಕ್ಕೆ ಸೊರಗುತ್ತಿದ್ದವು. ಹಾಲು ಬತ್ತುತ್ತಿತ್ತು, ಕರು ಉಳಿಯುತ್ತಿರಲಿಲ್ಲ, ಕೊನೆಗೆ ಹಸುವೂ ಸಾಯುತ್ತಿತ್ತು. ಬೇರೆ ನೆಲಕ್ಕೆ ಅಟ್ಟಿದರೆ ಚೇತರಿಸಿಕೊಳ್ಳುತ್ತಿತ್ತು! ಸಾಲ ಮಾಡಿ ಹಸು ತಂದವನ ಸ್ಥಿತಿ ಯೋಚಿಸಿ. ಅಧಿಕಾರಿಗಳು ಬಂದು ನೋಡಿ, ನಿನಗೆ ಹಸು ಸಾಕಲು ಬರುವುದಿಲ್ಲ ಅನ್ನುತ್ತಿದ್ದರು.

ಮೊದಲು ಕಬ್ಬಿಣದ ಕೊರತೆ ಅಂದುಕೊಂಡರು. ಕಬ್ಬಿಣದ ಅದಿರಿನ ಪುಡಿ ತಿನ್ನಿಸಿದಾಗ ಗುಣವೂ ಆಯಿತು. ಎರಿಕ್ ಅಂಡರ್‌ವುಡ್ ಮತ್ತು ಜಾನ್ ಫಿಲ್ಮರ್ ಎಂಬ ವಿಜ್ಞಾನಿಗಳಿಗೆ ಅನುಮಾನ ಹೋಗಲಿಲ್ಲ. 1935ರಲ್ಲಿ ಅವರು ಪತ್ತೆ ಮಾಡಿದರು: ಗುಣ ಮಾಡಿದ್ದು ಕಬ್ಬಿಣವಲ್ಲ, ಅದರ ಜೊತೆ ಸೇರಿಕೊಂಡಿದ್ದ ಕಣದಷ್ಟು ಕೋಬಾಲ್ಟ್. ಆ ಮಣ್ಣಿನಲ್ಲಿ ಕೋಬಾಲ್ಟ್ ಇರಲಿಲ್ಲ. ದನದ ಹೊಟ್ಟೆಯ ಸೂಕ್ಷ್ಮಜೀವಿಗಳು ಬಿ12 ಜೀವಸತ್ವ ತಯಾರಿಸಲು ಅದು ಬೇಕು, ಇದು ಇನ್ನೂ ಆಮೇಲೆ ಗೊತ್ತಾಯಿತು.

ಉತ್ತರ ಸಿಗುವಷ್ಟರಲ್ಲಿ ಹದಿನೈದು ವರ್ಷ ಆಗುತ್ತ ಬಂದಿತ್ತು. ಜನರನ್ನು ಕರೆತರುವ ಮೊದಲು ಆ ನೆಲದಲ್ಲಿ ನಾಲ್ಕು ಹಸುಗಳನ್ನು ಎರಡು ವರ್ಷ ಮೇಯಿಸಿ ನೋಡಿದ್ದರೆ ಸಾಕಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಆಸ್ಟ್ರೇಲಿಯಾದ 34 ಮಿಲಿಯನ್ ಪೌಂಡ್ ಒಪ್ಪಂದ ಅಂತ ಓದಿದ್ದೆ. ಅದು ಬೇರೆಯಾ?

ಅದು ದೊಡ್ಡ ಕೊಡೆ. 1925ರಲ್ಲಿ ಬ್ರಿಟನ್ ಮತ್ತು ಆಸ್ಟ್ರೇಲಿಯಾ ಮಾಡಿಕೊಂಡದ್ದು. ಹತ್ತು ವರ್ಷದಲ್ಲಿ 3.4 ಕೋಟಿ ಪೌಂಡ್‌ವರೆಗೆ ಕಡಿಮೆ ಬಡ್ಡಿಯ ಸಾಲ, ಅದರಿಂದ ರೈಲು, ರಸ್ತೆ, ನೀರಾವರಿ, ಹೊಸ ಹೊಲ. ಬದಲಿಗೆ ಆಸ್ಟ್ರೇಲಿಯಾ 4.5 ಲಕ್ಷ ಜನರನ್ನು ತೆಗೆದುಕೊಳ್ಳಬೇಕು. ಲೆಕ್ಕ ಹಾಕಿದರೆ ಒಬ್ಬ ವಲಸಿಗನಿಗೆ 75 ಪೌಂಡ್ ಸಾಲ. ರಾಜ್ಯ ಸರ್ಕಾರಗಳಿಗೆ ಸಾಲ ಬೇಕಿತ್ತು, ಜನ ಅದರ ಜೊತೆ ಬರುವ ಷರತ್ತು. ಯೋಜನೆಗಳನ್ನು ಪರಿಶೀಲಿಸಲು 1926ರಲ್ಲಿ ಒಂದು ಆಯೋಗ ಮಾಡಿದರು. ಅದು ಪ್ರಾಮಾಣಿಕವಾಗಿ ಲೆಕ್ಕ ನೋಡಿ ಎಷ್ಟೋ ಯೋಜನೆಗಳು ಗಿಟ್ಟುವುದಿಲ್ಲ ಅಂದಿತು. 1930ರಲ್ಲಿ ಆಯೋಗವನ್ನೇ ಮುಚ್ಚಿದರು. ಗುರಿಯ ಹತ್ತಿರಕ್ಕೂ ಹೋಗಲಿಲ್ಲ.

ಕೆನಡಾದಲ್ಲಾದರೂ ಸರಿ ಹೋಯ್ತಾ?

ಸ್ವಲ್ಪ ವಾಸಿ. 1924ರ 'ಮೂರು ಸಾವಿರ ಕುಟುಂಬ' ಯೋಜನೆಯಲ್ಲಿ ಕೆನಡಾ ಹೊಲ ಕೊಟ್ಟಿತು, ದನ-ಸಲಕರಣೆಗೆ ಬ್ರಿಟನ್ 300 ಪೌಂಡ್‌ವರೆಗೆ ಸಾಲ ಕೊಟ್ಟಿತು. ಕೊಟ್ಟ ಹೊಲಗಳಲ್ಲಿ ಎಷ್ಟೋ ಅದಕ್ಕಿಂತ ಮೊದಲು ಮಾಜಿ ಸೈನಿಕರು ಕೈಚೆಲ್ಲಿ ಬಿಟ್ಟುಹೋದವು. ಆದರೂ ಕುಟುಂಬಗಳು ಬಂದವು, ಬಹಳಷ್ಟು ಜನ ಕೆಲವು ವರ್ಷ ನಿಂತರು.

1928ರ ಕೊಯ್ಲಿನ ಯೋಜನೆ ಬೇರೆ ಥರ. ಕೆಲಸ ಕಳೆದುಕೊಂಡ ಸುಮಾರು 8,500 ಜನರನ್ನು, ಹೆಚ್ಚಿನವರು ಗಣಿಯವರು, ಆಗಸ್ಟ್‌ನಲ್ಲಿ ಗೋಧಿ ಕೊಯ್ಲಿಗೆ ಕಳಿಸಿದರು. ಕೊಯ್ಲು ಮುಗಿದ ಮೇಲೆ ಅಲ್ಲೇ ಉಳಿಯಲಿ ಎಂಬ ಆಸೆ. ಬಹುಪಾಲು ಜನ ಚಳಿಗಾಲಕ್ಕೆ ಮೊದಲೇ ವಾಪಸ್. ಆಮೇಲೆ ಗೋಧಿ ಬೆಲೆ ಬಿತ್ತು. ಒಂದು ಬುಷೆಲ್‌ಗೆ (ಸುಮಾರು 27 ಕೆಜಿ) ಡಾಲರಿನ ಮೇಲಿದ್ದದ್ದು 1932ರ ಕೊನೆಗೆ 40 ಸೆಂಟಿನ ಕೆಳಗೆ ಹೋಯಿತು. ಬರ ಬೇರೆ ಸೇರಿತು. ಸರ್ಕಾರದ ನೆರವು ಕೇಳಿದ ವಲಸಿಗರನ್ನು ಕೆನಡಾ ಸಾವಿರಾರು ಸಂಖ್ಯೆಯಲ್ಲಿ ಗಡೀಪಾರು ಮಾಡಿತು, ಅವರಲ್ಲಿ ಬ್ರಿಟನ್ನಿನವರೇ ಹೆಚ್ಚು. ಕರೆಸಿದ್ದೂ ಸರ್ಕಾರ, ಕಳಿಸಿದ್ದೂ ಸರ್ಕಾರ.

'ಖಾಲಿ ನೆಲ' ಅಂತೀರಲ್ಲ, ಅದು ಯಾರ ನೆಲ?

ಖಾಲಿ ಅಂದದ್ದು ನಾನಲ್ಲ, ಅವರು. ಪಶ್ಚಿಮ ಆಸ್ಟ್ರೇಲಿಯಾದ ಆ ಮೂಲೆ ನೂಂಗಾರ್ ಎಂಬ ಮೂಲನಿವಾಸಿ ಜನರದ್ದು. ಅತ್ತ ಇಂಗ್ಲೆಂಡಿನ ಕುಟುಂಬಗಳಿಗೆ ಹೊಲ ಹಂಚುತ್ತಿದ್ದ ವರ್ಷಗಳಲ್ಲೇ ಇತ್ತ ನೂಂಗಾರ್ ಕುಟುಂಬಗಳನ್ನು ಮೂರ್ ರಿವರ್‌ನಂಥ ಸರ್ಕಾರಿ ಶಿಬಿರಗಳಿಗೆ ಅಟ್ಟುತ್ತಿದ್ದರು, ಮಕ್ಕಳನ್ನು ಬೇರೆ ಮಾಡುತ್ತಿದ್ದರು. ಕೆನಡಾದಲ್ಲಿ ಸೈನಿಕರಿಗೆ ಹಂಚಿದ ಜಮೀನಿನಲ್ಲಿ ಮೂಲನಿವಾಸಿಗಳ ಮೀಸಲು ನೆಲವೂ ಸೇರಿತ್ತು. ಕೀನ್ಯಾದಲ್ಲಿ 1919ರಲ್ಲಿ ಮಾಜಿ ಸೈನಿಕರಿಗೆ ಚೀಟಿ ಎತ್ತಿ ಸಾವಿರಕ್ಕೂ ಮಿಕ್ಕಿ ಹೊಲ ಕೊಟ್ಟರು, ಅದರಲ್ಲಿ ನಂದಿ ಎಂಬ ಅಲ್ಲಿನ ಬುಡಕಟ್ಟು ಜನರಿಂದ ಕಿತ್ತುಕೊಂಡ ನೆಲವೂ ಇತ್ತು. ಒಂದು ಕಡೆ ಸಾಲದಲ್ಲಿ ಮುಳುಗಿದ ಬಡ ಇಂಗ್ಲಿಷ್ ಕುಟುಂಬದ ಬಗ್ಗೆ ಮರುಕ, ಇನ್ನೊಂದು ಕಡೆ ಅವರು ನಿಂತ ನೆಲದ ಲೆಕ್ಕ. ಎರಡೂ ನಿಜ, ಒಂದಕ್ಕೊಂದು ವಜಾ ಆಗುವುದಿಲ್ಲ.

## ನಮ್ಮ ಕಡೆಯಿಂದ ನೋಡಿದರೆ

ಭಾರತೀಯರು ಅರ್ಜಿ ಹಾಕಬಹುದಿತ್ತಾ? ನಾವೂ ಅದೇ ರಾಜನ ಪ್ರಜೆಗಳಲ್ವಾ?

ಇಲ್ಲ. ಕಾಯ್ದೆಯಲ್ಲಿ ಬಣ್ಣದ ಮಾತೇ ಇಲ್ಲ, ಅದೇ ಅದರ ಚಾಲಾಕಿ. 'ಯುನೈಟೆಡ್ ಕಿಂಗ್‌ಡಮ್‌ನಲ್ಲಿರುವ ಯೋಗ್ಯ ವ್ಯಕ್ತಿಗಳಿಗೆ' ಸಹಾಯ ಅಂತ ಬರೆದರು, ಅಲ್ಲಿಗೆ ಮುಗಿಯಿತು. ಉಳಿದ ಕೆಲಸವನ್ನು ಆಯಾ ದೇಶದ ಕಾನೂನು ಮಾಡುತ್ತಿತ್ತು. ಆಸ್ಟ್ರೇಲಿಯಾದಲ್ಲಿ 1901ರ ಕಾಯ್ದೆ: ಬೇಡವಾದವನಿಗೆ ಯಾವುದೋ ಯುರೋಪಿಯನ್ ಭಾಷೆಯಲ್ಲಿ ಉಕ್ತಲೇಖನ ಕೊಟ್ಟು ಫೇಲು ಮಾಡುವುದು. ಕೆನಡಾದಲ್ಲಿ 1908ರಿಂದ, ಹೊರಟ ದೇಶದಿಂದ ಎಲ್ಲೂ ತಂಗದೆ ನೇರ ಬರಬೇಕೆಂಬ ನಿಯಮ. ಭಾರತದಿಂದ ಅಂಥ ನೇರ ಪ್ರಯಾಣಕ್ಕೆ ದಾರಿಯೇ ಇರಲಿಲ್ಲ. 1914ರಲ್ಲಿ ಭಾರತೀಯರನ್ನು ಹೊತ್ತು ಕೆನಡಾಕ್ಕೆ ಹೋಗಿ, ಇಳಿಯಲು ಬಿಡದೆ ವಾಪಸ್ ಅಟ್ಟಿಸಿಕೊಂಡ ಕೊಮಗಾಟಾ ಮಾರು ಹಡಗಿನ ಕಥೆ ನಿಮಗೆ ಗೊತ್ತಿರುತ್ತದೆ.

1922 ಅನ್ನೋ ವರ್ಷವನ್ನು ಗಮನಿಸಿ. ಲಂಡನ್ನಿನಲ್ಲಿ ಈ ಕಾಯ್ದೆ ಬಂದ ವರ್ಷವೇ ವಿ. ಎಸ್. ಶ್ರೀನಿವಾಸ ಶಾಸ್ತ್ರಿಗಳು ಭಾರತ ಸರ್ಕಾರದ ಪ್ರತಿನಿಧಿಯಾಗಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಕೆನಡಾ ಸುತ್ತಿ, ಅಲ್ಲಿ ಆಗಲೇ ನೆಲೆಸಿದ್ದ ಬೆರಳೆಣಿಕೆಯ ಭಾರತೀಯರಿಗಾದರೂ ಸಮಾನ ಹಕ್ಕು ಕೊಡಿ ಅಂತ ಕೇಳುತ್ತಿದ್ದರು. ಹೊಸಬರನ್ನು ಬಿಡಿ ಅಂತ ಕೇಳುವ ಮಾತೇ ಇರಲಿಲ್ಲ.

ದಕ್ಷಿಣ ಆಫ್ರಿಕಾದಲ್ಲಿ ಭಾರತೀಯರಿಗೂ 'ನೆರವಿನ ವಲಸೆ' ಇತ್ತು ಅಂತಾರಲ್ಲ?

ಇತ್ತು, ದಿಕ್ಕು ಮಾತ್ರ ಉಲ್ಟಾ. 1927ರ ಕೇಪ್‌ಟೌನ್ ಒಪ್ಪಂದದಲ್ಲಿ, ಭಾರತಕ್ಕೆ ವಾಪಸ್ ಹೋಗುವ ಭಾರತೀಯರಿಗೆ ಟಿಕೆಟ್ ಜೊತೆಗೆ ದೊಡ್ಡವರಿಗೆ 20 ಪೌಂಡ್, ಮಕ್ಕಳಿಗೆ 10 ಪೌಂಡ್ ಕೊಡುವುದಾಗಿ ದಕ್ಷಿಣ ಆಫ್ರಿಕಾ ಒಪ್ಪಿಕೊಂಡಿತು. ಮೊದಲು ಇದನ್ನು 'ಸ್ವಯಂ ವಾಪಸಾತಿ' ಅನ್ನುತ್ತಿದ್ದರು, ಆ ಹೆಸರು ಕಿವಿಗೆ ಚುಚ್ಚುತ್ತದೆ ಅಂತ 'ನೆರವಿನ ವಲಸೆ' ಅಂದರು. ಹೋದವರಲ್ಲಿ ಎಷ್ಟೋ ಜನ ಅಲ್ಲೇ ಹುಟ್ಟಿ ಬೆಳೆದವರು. ಮದ್ರಾಸಿಗೆ ಬಂದಿಳಿದಾಗ ಅವರಿಗೆ ಇದೇ ಪರದೇಶ. ಜಾತಿಯವರು ಸೇರಿಸಿಕೊಳ್ಳಲಿಲ್ಲ, ಕೆಲಸ ಸಿಗಲಿಲ್ಲ, 20 ಪೌಂಡ್ ಎಷ್ಟು ದಿನ ಬಂದೀತು? 1931ರಲ್ಲಿ ಭವಾನಿ ದಯಾಳ್ ಸಂನ್ಯಾಸಿ ಮತ್ತು ಬನಾರಸೀದಾಸ್ ಚತುರ್ವೇದಿ ಇವರ ಪಾಡನ್ನು ವಿಚಾರಿಸಿ ವರದಿ ಮಾಡಿದ ಮೇಲೆ ಇಲ್ಲಿ ದೊಡ್ಡ ಸುದ್ದಿಯಾಯಿತು.

ಒಂದೇ ಸಾಮ್ರಾಜ್ಯ, ಒಂದೇ ದಶಕ. ಒಬ್ಬನಿಗೆ ಬಾ ಅಂತ ದುಡ್ಡು, ಇನ್ನೊಬ್ಬನಿಗೆ ಹೋಗು ಅಂತ ದುಡ್ಡು.

ಮಲಯಾಕ್ಕೆ, ಸಿಲೋನಿಗೆ ಹೋದ ಕೂಲಿಯವರೂ ಇದೇ ಯೋಜನೆಯಾ?

ಬೇರೆ. ಕರಾರು ಕೂಲಿ ಪದ್ಧತಿ 1917ರಲ್ಲಿ ನಿಂತು, ಉಳಿದಿದ್ದ ಕರಾರುಗಳೂ 1920ರ ಜನವರಿಗೆ ರದ್ದಾದವು. 1922ರಲ್ಲಿ (ಮತ್ತೆ ಅದೇ ವರ್ಷ) ಭಾರತದ ವಲಸೆ ಕಾಯ್ದೆ ಬಂದು, ಕೌಶಲವಿಲ್ಲದ ಕೆಲಸಕ್ಕೆ ಜನರನ್ನು ಸರ್ಕಾರ ಒಪ್ಪಿದ ದೇಶಕ್ಕೆ ಮಾತ್ರ ಕಳಿಸಬಹುದು ಅಂದಿತು. ಒಪ್ಪಿದ್ದು ಮುಖ್ಯವಾಗಿ ಸಿಲೋನ್ ಮತ್ತು ಮಲಯಾವನ್ನು. ಮಲಯಾದಲ್ಲಿ ತೋಟದ ಮಾಲೀಕರಿಂದ ವಸೂಲಿ ಮಾಡಿದ ನಿಧಿಯಿಂದ ಕೂಲಿಯವರ ಹಡಗಿನ ಖರ್ಚು ಕೊಡುತ್ತಿದ್ದರು. ಹೋದವರು ಬಹುಪಾಲು ತಮಿಳರು. ಬ್ರಿಟಿಷ್ ಕುಟುಂಬಕ್ಕೆ ಸಾಲದ ಜೊತೆ ಜಮೀನು ಸಿಕ್ಕಿತು, ಇವರಿಗೆ ರಬ್ಬರ್ ಮರದ ಬುಡದಲ್ಲಿ ಲೈನ್ ಮನೆ. 1930ರ ನಂತರ ರಬ್ಬರ್ ಬೆಲೆ ಕುಸಿದಾಗ ಅದೇ ನಿಧಿಯಿಂದ ವಾಪಸ್ ಕಳಿಸಿದರು.

ಕರ್ನಾಟಕಕ್ಕೂ ಇದಕ್ಕೂ ಏನಾದರೂ ಸಂಬಂಧ ಇದೆಯಾ?

ಸುಮ್ನೆ ಎಳೆದು ತಂದರೆ ಏನನ್ನೂ ಸೇರಿಸಬಹುದು. ನೇರ ಸಂಬಂಧ ನನಗೆ ಕಾಣುವುದಿಲ್ಲ. ಭಾರತದ ಜೊತೆಗಿನ ಎಳೆ ಎರಡಿವೆ. ಒಂದು, ಭಾರತೀಯ ಸೇನೆಯಿಂದ ನಿವೃತ್ತರಾದ ಬ್ರಿಟಿಷ್ ಅಧಿಕಾರಿಗಳಿಗೆ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 1920ರ ದಶಕದಲ್ಲಿ ಹೊಲ ಕೊಡುವ ಯೋಜನೆ ಮಾಡಿತ್ತು. ಆಳುಕಾಳಿನ ನಡುವೆ ಬದುಕಿದವರು ತಾವೇ ಹಸು ಕರೆಯಲು ಹೊರಟರು. ವಿಕ್ಟೋರಿಯಾದಲ್ಲಿ ಜಮೀನು ಪಡೆದ ಬ್ರಿಟಿಷ್ ವಲಸಿಗರ ದೂರುಗಳು ಎಷ್ಟಾದವೆಂದರೆ 1930ರಲ್ಲಿ ರಾಯಲ್ ಕಮಿಷನ್ (ಸರ್ಕಾರಿ ವಿಚಾರಣಾ ಆಯೋಗ) ಕೂತಿತು, ಕೊನೆಗೆ ಪರಿಹಾರವನ್ನೂ ಕೊಡಬೇಕಾಯಿತು. ಎರಡು, ಡಾರ್ಜಿಲಿಂಗ್ ಹತ್ತಿರದ ಕಾಲಿಂಪಾಂಗ್‌ನಲ್ಲಿ ಜಾನ್ ಗ್ರಹಾಂ ಎಂಬ ಪಾದ್ರಿ ನಡೆಸುತ್ತಿದ್ದ ಆಶ್ರಮಶಾಲೆ. ಚಹಾ ತೋಟದ ಬಿಳಿಯರಿಗೆ ಸ್ಥಳೀಯ ಹೆಂಗಸರಲ್ಲಿ ಹುಟ್ಟಿದ ಮಕ್ಕಳಲ್ಲಿ ಸುಮಾರು 130 ಜನರನ್ನು 1908ರಿಂದ 1938ರವರೆಗೆ ಅಲ್ಲಿಂದ ನ್ಯೂಜಿಲೆಂಡಿಗೆ ಕಳಿಸಿದರು. ಅದು ಸರ್ಕಾರದ ಯೋಜನೆಯಲ್ಲ.

ಇನ್ನು ಬೆಂಗಳೂರಿನ ವೈಟ್‌ಫೀಲ್ಡ್. 1882ರಲ್ಲಿ ಚಾಮರಾಜೇಂದ್ರ ಒಡೆಯರು ಆಂಗ್ಲೋ ಇಂಡಿಯನ್ ಸಂಘಕ್ಕೆ ಕೊಟ್ಟ ಜಮೀನಿನಲ್ಲಿ ಆ ಸಮುದಾಯದವರು ಬೇಸಾಯ ಮಾಡಿಕೊಂಡು ಬದುಕಲಿ ಅಂತ ಹುಟ್ಟಿದ ಊರು. ಕಾಲ ಬೇರೆ, ಸರ್ಕಾರ ಬೇರೆ, ಕನಸು ಅದೇ. ಅಲ್ಲಿ ಈಗ ಏನು ಬೆಳೆಯುತ್ತದೆ ಅಂತ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡವರಿಗೆ ಗೊತ್ತು.

## ಇನ್ನೂ ಆಳಕ್ಕೆ ಹೋಗುವವರಿಗೆ

ಇದೆಲ್ಲ ನಿಂತಿದ್ದು ಯಾವಾಗ?

1930ರ ಆಸುಪಾಸಿನಲ್ಲಿ ಒಂದೊಂದಾಗಿ. ಆರ್ಥಿಕ ಕುಸಿತ ಬಂದಾಗ ಆಸ್ಟ್ರೇಲಿಯಾ, ಕೆನಡಾ ಎರಡೂ ಬಾಗಿಲು ಹಾಕಿಕೊಂಡವು. 1930ರ ದಶಕದಲ್ಲಿ ಬ್ರಿಟನ್ ಬಿಟ್ಟು ಹೋದವರಿಗಿಂತ ವಾಪಸ್ ಬಂದವರೇ ಜಾಸ್ತಿ. ಕಾಯ್ದೆ ಮಾತ್ರ ಸಾಯಲಿಲ್ಲ. 1937ರಲ್ಲಿ ವರ್ಷಕ್ಕೆ 15 ಲಕ್ಷ ಪೌಂಡ್ ಮಿತಿಯಲ್ಲಿ ಮತ್ತೆ ಮುಂದುವರಿಸಿದರು. ಎರಡನೇ ಯುದ್ಧದ ನಂತರ ಹತ್ತು ಪೌಂಡ್ ಕೊಟ್ಟು ಆಸ್ಟ್ರೇಲಿಯಾಕ್ಕೆ ಹೋದ 'ಟೆನ್ ಪೌಂಡ್ ಪೊಮ್'ಗಳು (ಪೊಮ್ ಅಂದರೆ ಅಲ್ಲಿ ಬ್ರಿಟಿಷರಿಗಿಟ್ಟ ಅಡ್ಡಹೆಸರು) ಇದೇ ವಂಶದವರು.

ಹಾಗಾದರೆ ಪೂರ್ತಿ ಫೇಲ್ ಅನ್ನಬಹುದಾ?

ಯಾರ ಲೆಕ್ಕ ಕೇಳುತ್ತೀರಿ ಎಂಬುದರ ಮೇಲೆ. ಸರ್ಕಾರ ತಾನೇ ಇಟ್ಟುಕೊಂಡ ಗುರಿಯ ಪ್ರಕಾರ ಫೇಲ್. ಅನುಮತಿ ಇದ್ದ ಹಣದಲ್ಲಿ ಸಣ್ಣ ಪಾಲು ಮಾತ್ರ ಖರ್ಚಾಯಿತು, ಬ್ರಿಟನ್ನಿನ ನಿರುದ್ಯೋಗ ಕರಗಲಿಲ್ಲ. ಆದರೆ ನಾಲ್ಕು ಲಕ್ಷ ಜನ ಅಂದರೆ ನಾಲ್ಕು ಲಕ್ಷ ಬದುಕು. ಹೊಲ ಬಿಟ್ಟು ಪರ್ತ್‌ಗೋ ಟೊರಾಂಟೊಗೋ ಹೋಗಿ, ಅಂಗಡಿಯೋ ಗ್ಯಾರೇಜೋ ಮಾಡಿಕೊಂಡು ಚೆನ್ನಾಗಿಯೇ ಬದುಕಿದವರು ಬೇಕಾದಷ್ಟು ಜನ. ಕಡತದಲ್ಲಿ ಅವರನ್ನು 'ಬಿಟ್ಟುಹೋದವರು' ಅಂತ ನಷ್ಟದ ಪಟ್ಟಿಗೆ ಸೇರಿಸಿದ್ದಾರೆ. ನನ್ನ ಪ್ರಕಾರ ಜನ ಗೆದ್ದರು, ನಕ್ಷೆ ಸೋತಿತು. ಮಣ್ಣನ್ನು ಯಾರೂ ಕೇಳದೆ ಬರೆದ ನಕ್ಷೆ ಅದು.

ಬೇರೆ ಸಾಮ್ರಾಜ್ಯಗಳೂ ಹೀಗೆ ಮಾಡಿದವಾ?

ಮಾಡಿದವು, ಇನ್ನೂ ಒರಟಾಗಿ. ಇಟಲಿ 1938ರ ಅಕ್ಟೋಬರ್‌ನಲ್ಲಿ ಸುಮಾರು 20,000 ರೈತರನ್ನು ಒಟ್ಟಿಗೆ ಹಡಗು ಹತ್ತಿಸಿ ಲಿಬಿಯಾಕ್ಕೆ ಸಾಗಿಸಿತು. ಜಪಾನ್ 1936ರಲ್ಲಿ ಇಪ್ಪತ್ತು ವರ್ಷದಲ್ಲಿ ಹತ್ತು ಲಕ್ಷ ಮನೆಗಳನ್ನು ಮಂಚೂರಿಯಾಕ್ಕೆ ಕಳಿಸುವ ಯೋಜನೆ ಹಾಕಿತು. ಡಚ್ಚರು 1905ರಿಂದಲೇ ಜಾವಾದ ರೈತರನ್ನು ಸುಮಾತ್ರಾಕ್ಕೆ ಕಳಿಸುತ್ತಿದ್ದರು. ಒಂದೊಂದಕ್ಕೂ ಬೇರೆ ಪುಟವೇ ಬೇಕು.

ನಾವು ಪರ್ತ್‌ನಲ್ಲಿದ್ದೇವೆ. ಆ ಜಾಗಗಳನ್ನು ಈಗ ನೋಡಬಹುದಾ? ದಾಖಲೆ ಎಲ್ಲಿ ಸಿಗುತ್ತೆ?

ಖಂಡಿತ ನೋಡಿ. ದಕ್ಷಿಣಕ್ಕೆ ಕಾರಿನಲ್ಲಿ ಹೊರಟು ಪೆಂಬರ್ಟನ್ ದಾಟಿ ನಾರ್ತ್‌ಕ್ಲಿಫ್‌ಗೆ ಹೋಗಿ. ಆ ಊರು ಹುಟ್ಟಿದ್ದೇ ಈ ಯೋಜನೆಯಿಂದ, ಅಲ್ಲೊಂದು ಪುಟ್ಟ ಮ್ಯೂಸಿಯಂ ಇದೆ. ಕ್ಯಾರಿ ಮರದ ಬುಡದಲ್ಲಿ ನಿಂತು ಒಂದು ಸಲ ಮೇಲೆ ನೋಡಿ, ಒಂದು ಕೊಡಲಿ ಕೈಯಲ್ಲಿದೆ ಅಂತ ಅಂದುಕೊಳ್ಳಿ. ದಾಖಲೆ ಬೇಕಾದರೆ ಗುಂಪುಗಳ ಕಡತಗಳು ಪರ್ತ್‌ನ ರಾಜ್ಯ ದಾಖಲೆ ಕಚೇರಿಯಲ್ಲಿ, ಹಡಗಿನ ಪ್ರಯಾಣಿಕರ ಪಟ್ಟಿಗಳು ಲಂಡನ್ ಹತ್ತಿರದ ಕ್ಯೂನಲ್ಲಿರುವ ರಾಷ್ಟ್ರೀಯ ದಾಖಲೆಗಳಲ್ಲಿ ಇವೆ.

ಬರುವಾಗ ಮಾರ್ಗರೆಟ್ ರಿವರ್ ಕಡೆಯಿಂದ ಬನ್ನಿ. ಅಲ್ಲೂ ಗುಂಪುಗಳಿದ್ದವು. 1967ರಿಂದ ಅದೇ ನೆಲದಲ್ಲಿ ದ್ರಾಕ್ಷಿ ಬೆಳೆದು ವೈನ್ ಮಾಡುತ್ತಿದ್ದಾರೆ, ಈಗ ಲೋಕಪ್ರಸಿದ್ಧ. ಪಕ್ಕದ ಕೌವಾರಮಪ್ ಎಂಬ ಊರಿನ ರಸ್ತೆ ಬದಿಯಲ್ಲಿ ಫೈಬರ್‌ಗ್ಲಾಸ್ ಹಸುಗಳನ್ನು ಸಾಲಾಗಿ ನಿಲ್ಲಿಸಿದ್ದಾರೆ. ಮಕ್ಕಳಿಗೆ ಫೋಟೋ ತೆಗೆಸಿಕೊಳ್ಳಲು ಚೆನ್ನಾಗಿದೆ. ಅವಕ್ಕೆ ಕೋಬಾಲ್ಟ್ ಬೇಕಿಲ್ಲ.